ಶನಿವಾರವನ್ನು ಮಕ್ಕಳಿಗೇ ಬಿಡಿ

ಮಾನ್ಯ ಸಂಪಾದಕರೇ,

ಮಲೆನಾಡಿನಲ್ಲಿ ಮಳೆ ಜೋರಾದಾಗ ಶಾಲೆಗಳಿಗೆ ರಜೆ ಘೋಷಿಸುವುದು, ಆ ದಿನಗಳ ಪಾಠವನ್ನು ಪೋಷಕರ ವಾಟ್ಸ್ಆ್ಯಪ್‌ಗೆ ಕಳುಹಿಸುವುದು, ಬಳಿಕ ಶನಿವಾರ ಮಧ್ಯಾಹ್ನವೂ ತರಗತಿ ನಡೆಸಿ ಕೊರತೆ ತುಂಬಿಕೊಳ್ಳುವುದು ಈಗ ರೂಢಿಯಾಗಿದೆ. ರಜೆಯ ಬಗ್ಗೆ ನನ್ನ ತಕರಾರಿಲ್ಲ. ಕಾಲುಸಂಕ ದಾಟಿ ಬರುವ ಮಕ್ಕಳಿರುವ ಊರುಗಳಲ್ಲಿ ಅದು ಬೇಕೇ ಬೇಕು. ಆದರೆ ಹೋದ ದಿನಗಳ ಲೆಕ್ಕ ಹಾಕುವಾಗ ನಾವು ಪಾಠದ ಅವಧಿಗಳನ್ನಷ್ಟೇ ಎಣಿಸುತ್ತೇವೆ. ಅವನ್ನು ತುಂಬಿಕೊಳ್ಳಲು ಕವಾಯತು, ಚರ್ಚಾಕೂಟ, ಹಾಡು, ಕೈತೋಟದ ಕೆಲಸಗಳಿಗೆ ಒಂದಿಷ್ಟು ಬಿಡುವು ಸಿಗುತ್ತಿದ್ದ ಶನಿವಾರಕ್ಕೇ ಕೈ ಹಾಕುತ್ತೇವೆ.

ಕೋವಿಡ್ ಕಾಲದಲ್ಲೂ ನಾವು ಮಾಡಿದ್ದು ಇದನ್ನೇ. 2020ರ ಮಾರ್ಚ್‌ನಲ್ಲಿ ಮುಚ್ಚಿದ ಶಾಲೆಯ ಬಾಗಿಲು ಒಂದರಿಂದ ಐದನೇ ತರಗತಿಯ ಮಕ್ಕಳಿಗೆ ತೆರೆದದ್ದು 2021ರ ಅಕ್ಟೋಬರ್ 25ರಂದು. 2020ರಲ್ಲಿ ಒಂದನೇ ತರಗತಿಗೆ ದಾಖಲಾದ ಮಗು ಪ್ರಾರ್ಥನೆಯ ಸಾಲಿನಲ್ಲಿ ಮೊದಲ ಬಾರಿಗೆ ನಿಂತದ್ದು ಎರಡನೆಯ ತರಗತಿಗೆ ಬಂದ ಮೇಲೆ. ಚಂದನ ವಾಹಿನಿಯ ‘ಸಂವೇದ’ ಪಾಠಗಳು, ಮೊಬೈಲ್ ತರಗತಿಗಳು ತಮ್ಮ ಮಿತಿಯಲ್ಲಿ ನೆರವಾದವು, ನಿಜ. ಸುಳ್ಯ ತಾಲ್ಲೂಕಿನಲ್ಲಿ ತಂದೆ ಕೊಡೆ ಹಿಡಿದು ನಿಂತು, ಮಗಳು ರಸ್ತೆ ಬದಿಯಲ್ಲಿ ಕುಳಿತು ಪಾಠ ಕೇಳುತ್ತಿದ್ದ ಚಿತ್ರವನ್ನು ಓದುಗರು ಮರೆತಿರಲಾರರು. ಅಂದು ನಾವೆಲ್ಲ ನೆಟ್‌ವರ್ಕ್ ಸಿಗದ್ದಕ್ಕೆ ಮರುಗಿದೆವು. ಪಕ್ಕದಲ್ಲಿ ಒಬ್ಬ ಗೆಳತಿಯೂ ಇಲ್ಲದ್ದು ಯಾರ ಮಾತಿನಲ್ಲೂ ಬರಲಿಲ್ಲ. ಬಿಸಿಯೂಟದ ವಿಷಯವೂ ಹೀಗೆಯೇ ಆಯಿತು. ಅಕ್ಕಿ, ಬೇಳೆ ಮನೆ ಸೇರಿದವು, ಬಹಳ ಒಳ್ಳೆಯ ಕೆಲಸವೇ. ಆದರೆ ಎಲ್ಲ ಕೇರಿಗಳ ಮಕ್ಕಳು ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣುವುದನ್ನು ತೂಗಿ ಮನೆಗೆ ಕಳುಹಿಸಲು ಬರುವುದಿಲ್ಲವಲ್ಲ!

ಆ ದಿನಗಳಲ್ಲಿ ಶಾಲೆಯನ್ನು ಶಾಲೆಯಾಗಿ ಸ್ವಲ್ಪವಾದರೂ ಉಳಿಸಿದ್ದು, ನನ್ನ ಅನುಭವದಲ್ಲಿ, 2020ರ ಆಗಸ್ಟ್‌ನಲ್ಲಿ ಆರಂಭವಾದ, ಶಿಕ್ಷಕರೇ ಮಕ್ಕಳಿದ್ದ ಊರು–ಕೇರಿಗಳಿಗೆ ಹೋಗಿ ಪಾಠ ಮಾಡುವ ‘ವಿದ್ಯಾಗಮ’ ಯೋಜನೆ. ಆಗ ನಾನೊಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಮುಖ್ಯ ಶಿಕ್ಷಕನಾಗಿದ್ದೆ. ಮೊಬೈಲ್ ಇರುವವರು, ಇಲ್ಲದವರು ಎಂದು ಮಕ್ಕಳನ್ನು ಗುಂಪು ಮಾಡಿ ಯೋಜನೆ ರೂಪಿಸಲು ಆದೇಶವಿತ್ತು. ಊರಿನ ಜಗುಲಿ, ದೇವಸ್ಥಾನದ ಪ್ರಾಂಗಣ, ಅಡಿಕೆ ಅಂಗಳಗಳಲ್ಲಿ ಕುಳಿತ ಮೇಲೆ ಆ ವಿಂಗಡಣೆ ತಾನಾಗಿಯೇ ಅಳಿಸಿಹೋಯಿತು. ಏಳನೆಯ ತರಗತಿಯ ಹುಡುಗಿಯರು ಚಿಕ್ಕವರಿಗೆ ಮಗ್ಗಿ ಹೇಳಿಕೊಟ್ಟರು. ಗೋಡೆ ಪತ್ರಿಕೆಗೆ ಗೋಡೆಯೇ ಇಲ್ಲವೆಂದು ಒಂದು ನೂರು ಪುಟದ ನೋಟ್‌ಬುಕ್ಕನ್ನು ಮನೆಯಿಂದ ಮನೆಗೆ ದಾಟಿಸಿದೆವು. ಒಬ್ಬಳು ಕಥೆ ಬರೆದರೆ ಮುಂದಿನ ಮನೆಯವನು ಅದಕ್ಕೆ ಚಿತ್ರ ಬಿಡಿಸುತ್ತಿದ್ದ. ಒಬ್ಬ ಅಜ್ಜಿ ಮೊಮ್ಮಗನಿಗೆ ಹೇಳಿ ಬರೆಸಿದ ಒಗಟುಗಳೂ ಅದರಲ್ಲಿವೆ. ಸಾಬೂನು ನೀರಿನಿಂದ ಒರೆಸಿಯೇ ಕೊಡಬೇಕೆಂಬ ನಮ್ಮ ಕಟ್ಟಪ್ಪಣೆಯಿಂದ ಅದರ ರಟ್ಟು ಪೂರ್ತಿ ಉಬ್ಬಿಹೋಯಿತು. ಸೋಂಕಿನ ಭಯದಿಂದ ಅಕ್ಟೋಬರ್‌ನಲ್ಲಿ ಸರ್ಕಾರ ವಿದ್ಯಾಗಮವನ್ನು ನಿಲ್ಲಿಸಿತು. ಆ ನಿರ್ಧಾರವನ್ನು ನಾನು ಅಂದೂ ಆಕ್ಷೇಪಿಸಲಿಲ್ಲ, ಇಂದೂ ಆಕ್ಷೇಪಿಸುವುದಿಲ್ಲ. ನೋಟ್‌ಬುಕ್ ಮಾತ್ರ ಡಿಸೆಂಬರ್‌ವರೆಗೂ ತಿರುಗಿತು.

ಶಾಲೆ ಮತ್ತೆ ತೆರೆದ ಮೇಲೆ ತಪ್ಪಿಹೋದ ಕಲಿಕೆಯನ್ನು ತುಂಬಿಕೊಡುವ ‘ಕಲಿಕಾ ಚೇತರಿಕೆ’ ಕಾರ್ಯಕ್ರಮ ಬಂತು, ಕಲಿಕಾ ಹಾಳೆಗಳು ಬಂದವು. ಓದು, ಲೆಕ್ಕ ಸುಧಾರಿಸಿದವು. ಸರದಿಯಲ್ಲಿ ನಿಲ್ಲಲು, ಸೋತ ಆಟದಿಂದ ಜಗಳವಾಡದೆ ಎದ್ದು ಬರಲು, ವೇದಿಕೆಯ ಮೇಲೆ ಎರಡು ಮಾತಾಡಲು ತಡವರಿಸುತ್ತಿದ್ದ ಮಕ್ಕಳಿಗೆ ಯಾವ ಹಾಳೆಯೂ ಇರಲಿಲ್ಲ. ಶಿಕ್ಷಕರು ತಮಗೆ ತೋಚಿದಂತೆ ನಿಭಾಯಿಸಿದರು.

ಹಾಗಾಗಿ ಶಿಕ್ಷಣ ಇಲಾಖೆಯಲ್ಲಿ ನನ್ನ ವಿನಂತಿ ಇಷ್ಟೇ: ಮಳೆ ರಜೆಯ ಕೊರತೆ ತುಂಬಲು ಬೇರೆ ಯಾವ ದಿನವನ್ನಾದರೂ ಬಳಸಿಕೊಳ್ಳಲಿ, ದಸರಾ ರಜೆಯಿಂದ ಎರಡು ದಿನ ಕಡಿತವಾದರೂ ಸರಿಯೇ, ಶನಿವಾರದ ತಂಟೆಗೆ ಹೋಗುವುದು ಬೇಡ. ರಜೆಯ ದಿನಗಳಲ್ಲಿ ಏನು ಮಾಡಬಹುದೆಂಬುದನ್ನು ಮೇಲಿನಿಂದ ಸುತ್ತೋಲೆ ಕಳುಹಿಸಿ ಹೇಳುವ ಬದಲು, ಜೂನ್ ತಿಂಗಳಲ್ಲೇ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆ ಕರೆದು ಆಯಾ ಊರಿನ ಶಾಲೆಯೇ ನಿರ್ಧರಿಸಿಕೊಳ್ಳಲಿ. ನಮ್ಮಲ್ಲಿ ಅದಕ್ಕೆ ಖರ್ಚಾದದ್ದು ಒಂದು ನೋಟ್‌ಬುಕ್ಕಿನ ಬೆಲೆ.

— ನಿವೃತ್ತ ಮುಖ್ಯ ಶಿಕ್ಷಕ, ಸಾಗರ ತಾಲ್ಲೂಕು