ತೆರೆಸಾ ಟೆಂಗ್ ವಿಳಾಸ ತಪ್ಪಾಗಿದೆ

ಮಾನ್ಯ ಸಂಪಾದಕರೇ,

ಹೋದ ಭಾನುವಾರ ನಿಮ್ಮ ಪುರವಣಿಯಲ್ಲಿ ಏಷ್ಯಾದ ಪಾಪ್ ಹಾಡುಗಳ ಬಗ್ಗೆ ಬಂದ ಲೇಖನ ಓದಿದೆ. ಪುಟದ ತುಂಬ ಕೊರಿಯಾ. ತೈವಾನಿಗೆ ಸಿಕ್ಕಿದ್ದು ಕೊನೆಯ ಎರಡು ಸಾಲು, ಅದರಲ್ಲೂ ತೈವಾನಿನವರೇ ಆದ ತೆರೆಸಾ ಟೆಂಗ್ ಅವರು 'ಚೀನಾದ ಗಾಯಕಿ' ಆಗಿಬಿಟ್ಟಿದ್ದಾರೆ. ನಾನು ಸುಳ್ಯದ ಕಡೆಯವಳು, 31 ವರ್ಷ ಅಂಚೆ ಕಚೇರಿಯಲ್ಲಿ ದುಡಿದು ನಿವೃತ್ತಿಯಾದವಳು. ತಪ್ಪು ವಿಳಾಸ ಕಂಡರೆ ಈಗಲೂ ಕೈ ಪೆನ್ನಿಗೆ ಹೋಗುತ್ತದೆ.

ನನ್ನ ಮಗ ತೈವಾನಿನ ಶಿಂಚುವಿನಲ್ಲಿ ಚಿಪ್ ಕಂಪನಿಯೊಂದರ ಎಂಜಿನಿಯರ್. ಮೊಮ್ಮಗಳು ಹುಟ್ಟಿದಂದಿನಿಂದ ವರ್ಷಕ್ಕೆರಡು ತಿಂಗಳು ನನ್ನ ಠಿಕಾಣಿಯೂ ಅಲ್ಲೇ. ಅಲ್ಲಿ ಸಂಜೆ ಕಸದ ಲಾರಿ ಬೀಥೋವನ್ನನ ಪಿಯಾನೋ ರಾಗ ನುಡಿಸುತ್ತಾ ಬರುತ್ತದೆ. ಮೊದಲ ದಿನ ನಾನು ಐಸ್‌ಕ್ರೀಂ ಗಾಡಿ ಬಂತೆಂದು ಚಿಲ್ಲರೆ ಹಿಡಿದು ಕೆಳಗಿಳಿದಿದ್ದೆ! ನೋಡಿದರೆ ಕೇರಿಗೆ ಕೇರಿಯೇ ಕಸದ ಚೀಲ ಹಿಡಿದು ನಿಂತಿದೆ. ಆ ಸಾಲಿನಲ್ಲಿ ನಕ್ಕು ಮಾತಾಡಿಸಿದವರು ಪಕ್ಕದ ಮನೆಯ ಹೆಂಗಸು, ಹಾಕ್ಕಾ ಎಂಬ, ತನ್ನದೇ ಭಾಷೆಯಿರುವ ಸಮುದಾಯದವರು. ನನಗಿಂತ ಹತ್ತು ವರ್ಷಕ್ಕೆ ದೊಡ್ಡವರು, ಹಾಗಾಗಿ ಅಕ್ಕ ಎನ್ನುತ್ತೇನೆ. ಆ ಒಂದು ಪದವನ್ನು ಅವರೂ ಕಲಿತಿದ್ದಾರೆ. ಉಳಿದ ಮಾತಿಗೆಲ್ಲ ಮೊಬೈಲೇ ದುಭಾಷಿ.

ಅಕ್ಕನ ಮನೆಯ ಟಿವಿಯಲ್ಲಿ ಒಂದು ಮಧ್ಯಾಹ್ನ ಜೋಡಿ ಚಿಯಾಂಗ್ ಎಂಬ ಗಾಯಕಿ ಹಾಡುತ್ತಿದ್ದರು. ಅಲ್ಲಿನ ಶಾಲೆ, ಕಚೇರಿಯ ಚೀನೀ ಭಾಷೆಯಾದ ಮ್ಯಾಂಡರಿನ್ ಅಲ್ಲ, ಅಲ್ಲಿನವರು ತೈವಾನೀಸ್ ಎನ್ನುವ ಹೊಕ್ಕಿಯೆನ್ ಭಾಷೆಯಲ್ಲಿ. ಈಕೆಯ ತಂದೆ ತೊಗಲುಗೊಂಬೆಯಲ್ಲ, ಕೈಗೊಂಬೆಯಾಟಕ್ಕೆ ಮರದ ತಲೆ ಕೆತ್ತುತ್ತಿದ್ದವರು. ಬಡತನಕ್ಕೆ ಹತ್ತರ ಆಸುಪಾಸಿನಲ್ಲೇ ಅಕ್ಕತಂಗಿಯರು ಬೇಟೌ ಎಂಬ ಬಿಸಿನೀರು ಬುಗ್ಗೆಯ ಊರಿನ ಹೋಟೆಲುಗಳಲ್ಲಿ ಹಾಡಿ ಹೊಟ್ಟೆ ಹೊರೆದರಂತೆ. ಅವತ್ತಿನ ಹಾಡು 2001ರದ್ದು, 'ಕಾ-ಆವ್'. ಅಕ್ಷರಕ್ಕೆ ಅಕ್ಷರ ಹೇಳಿದರೆ ಮನೆಯ ಹಿಂಬದಿ, ಅರ್ಥ ಹೆಂಡತಿ. ನಾವು ಗಂಡನ ಹೆಸರೆತ್ತದೆ 'ನಮ್ಮ ಮನೆಯವರು' ಎನ್ನುವುದಿಲ್ಲವೇ, ಹಾಗೆ. ಹಾಡಿನ ಮುದುಕಿ ಗಂಡನಿಗೆ ಹೇಳುತ್ತಾಳೆ: ಹೊರಡುವ ಹೊತ್ತು ಬಂದಾಗ ನೀನೇ ಮೊದಲು ಹೋಗು, ನನಗಾಗಿ ನೀನು ಅಳುವುದನ್ನು ನನ್ನಿಂದ ತಾಳಲಾಗದು. ಮೊಬೈಲು ಇದನ್ನು ಅಡ್ಡಾದಿಡ್ಡಿ ಕನ್ನಡದಲ್ಲೇ ತೋರಿಸಿತು. ನಮ್ಮ ಮನೆಯವರು ಹೋಗಿ ಆರು ವರ್ಷ. ಅಕ್ಕ ಟಿವಿ ಆರಿಸಲು ಎದ್ದರು, ನಾನು ಬೇಡವೆಂದೆ.

ನಿಮ್ಮ ಲೇಖಕರಿಗೆ ಹೇಳಬೇಕಾದದ್ದು ಇದೇ. ತೈವಾನಿನ ಹಾಡು ಎಂದರೆ ಒಂದೇ ಭಾಷೆಯಲ್ಲ. ಮನೆಯಲ್ಲಿ ಅರೆಭಾಷೆ, ಪೇಟೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ ಎಂದು ಬೆಳೆದ ನಮ್ಮಂಥವರಿಗೆ ಅದು ಬೇಗ ಅರ್ಥವಾಗುತ್ತದೆ. 1949ರಿಂದ 1987ರವರೆಗೆ ಅಲ್ಲಿ ಸೇನಾಡಳಿತದ ಕಾನೂನಿತ್ತು. ಶಾಲೆಯಲ್ಲಿ ಮ್ಯಾಂಡರಿನ್ ಬಿಟ್ಟು ಮನೆಮಾತು ಆಡಿದವರಿಗೆ ದಂಡ, ಇಲ್ಲವೇ ಕುತ್ತಿಗೆಗೆ ಹಲಗೆ. ಹಾಕ್ಕಾದಲ್ಲಿ ರಬ್ಬರು ಕೇಳಿದ್ದಕ್ಕೆ ಅಕ್ಕ ಇಡೀ ದಿನ ಆ ಹಲಗೆ ಹೊತ್ತಿದ್ದರಂತೆ. (ಕನ್ನಡ ಮಾತಾಡಿದರೆ ದಂಡ ಹಾಕುವ ಶಾಲೆಗಳು ನಮ್ಮಲ್ಲೂ ಇವೆ, ಅದು ಬೇರೆಯೇ ಪತ್ರ.)

ಅಕ್ಕನ ಪ್ರೀತಿಯ ಗಾಯಕ ಲಿನ್ ಶೆಂಗ್‌ಶಿಯಾಂಗ್. ದಕ್ಷಿಣದ ಮೇನೊಂಗ್ ಎಂಬ ಹಾಕ್ಕಾ ಊರಿನವರು. ಆ ಊರಿನ ನೆತ್ತಿಯ ಮೇಲೆ ಅಣೆಕಟ್ಟು ಬರುತ್ತದೆಂದಾಗ ಊರು ಎದ್ದು ನಿಂತಿತು. ಇವರ ತಂಡ ಹೊಗೆಸೊಪ್ಪು ಒಣಗಿಸುವ ಕಟ್ಟಡದಲ್ಲಿ ಕೂತು ಆ ಹೋರಾಟದ ಹಾಡುಗಳನ್ನು ಮುದ್ರಿಸಿ 1999ರಲ್ಲಿ ಆಲ್ಬಂ ಮಾಡಿತು. ಅಣೆಕಟ್ಟು ಬರಲಿಲ್ಲ. 2007ರಲ್ಲಿ ಅಲ್ಲಿನ ದೊಡ್ಡ ಸಂಗೀತ ಪ್ರಶಸ್ತಿಯಾದ ಗೋಲ್ಡನ್ ಮೆಲೊಡಿಯಲ್ಲಿ ಹಾಕ್ಕಾ ವಿಭಾಗದ ಪ್ರಶಸ್ತಿಗಳು ಬಂದವು. ವೇದಿಕೆ ಹತ್ತಿ, ಬೇಡ ಎಂದರು. ಹಾಡನ್ನು ಹಾಡಿನ ಬಗೆ ನೋಡಿ ವಿಂಗಡಿಸಿ, ಭಾಷೆ ನೋಡಿ ಅಲ್ಲ ಎಂಬುದು ಅವರ ವಾದ. ಗಿಟಾರು ಸರಳ, ದನಿ ಇನ್ನೂ ಸರಳ; ಗದ್ದೆಯ ಬದುವಿನ ಮೇಲೆ ಕೂತು ಸುಖದುಃಖ ಹೇಳಿದ ಹಾಗೆ. ನನ್ನನ್ನು ಕೇಳಿದರೆ ಇವರಿಂದಲೇ ಶುರುಮಾಡಿ.

ಆಮೇಲೆ ಅಬಾವ್. ಪೈವಾನ್ ಎಂಬ ಮೂಲನಿವಾಸಿ ಸಮುದಾಯದ ಹೆಣ್ಣುಮಗಳು, ನರ್ಸಿಂಗ್ ಓದಿದವರು. ಮೊದಲು ಅಜ್ಜಿ ಮತ್ತು ತಾಯಿಯ ಜೊತೆ ಕೂತು ಹಳೆಯ ಪದಗಳನ್ನು ಹಾಡಿ ಮುದ್ರಿಸಿಕೊಂಡರು. ನಂತರ ಅದೇ ಭಾಷೆಯನ್ನು ಕುಣಿಯುವ ತಾಳಕ್ಕೆ ಕೂರಿಸಿದರು. ಆ 'ಕಿನಾಕಾಯಿಯಾನ್' ಆಲ್ಬಂಗೆ 2020ರಲ್ಲಿ ಗೋಲ್ಡನ್ ಮೆಲೊಡಿಯ ವರ್ಷದ ಆಲ್ಬಂ ಪ್ರಶಸ್ತಿ ಬಂತು, ಮ್ಯಾಂಡರಿನ್ ಆಲ್ಬಂಗಳನ್ನೆಲ್ಲ ಹಿಂದೆ ಹಾಕಿ. ಅಡುಗೆಮನೆಯಲ್ಲಿ ಇದನ್ನು ಹಾಕಿದರೆ ನನ್ನ ಮೊಮ್ಮಗಳು ತಟ್ಟೆ ಬಡಿಯಲು ಶುರು. ಹೊಸಬರಲ್ಲಿ ಕೊಲಾಜ್ ಎಂಬ ಇಬ್ಬರ ತಂಡವಿದೆ; ಒಂದೇ ಆಲ್ಬಂನಲ್ಲಿ ತೈವಾನೀಸ್, ಅಮಿಸ್ ಎಂಬ ಮೂಲನಿವಾಸಿ ಭಾಷೆ, ಜಪಾನಿ ಎಲ್ಲ. ಗದ್ದಲ ನನಗೆ ಸ್ವಲ್ಪ ಹೆಚ್ಚಾಯಿತು, ಆದರೆ ಹುಡುಗಿಯ ಕಂಠ ಗಟ್ಟಿ.

ಮಗನ ಕಾಲದವರಿಗೆ ಜೇ ಚೌ ದೇವರು. 2000ದಲ್ಲಿ ಬಂದವರು, ಹಳೇ ಚೀನೀ ಶೈಲಿಯ ರಾಗಕ್ಕೆ ರ‍್ಯಾಪ್ ಬೆರೆಸಿದವರು. ಪದಗಳನ್ನು ನುಂಗಿ ಹಾಡುತ್ತಾರೆಂದು ಅಲ್ಲಿನ ಹಿರಿಯರೂ ಗೊಣಗುತ್ತಾರೆ. ಮೇಡೇ ಎಂಬ ರಾಕ್ ತಂಡಕ್ಕೂ ಅಭಿಮಾನಿಗಳು ಲೆಕ್ಕವಿಲ್ಲ. ಈ ಎರಡು ಹೆಸರು ಹೇಗೂ ನಿಮ್ಮ ಕಿವಿಗೆ ಬಿದ್ದೇ ಬೀಳುತ್ತವೆ. ಪುಯುಮಾ ಎಂಬ ಮೂಲನಿವಾಸಿ ಸಮುದಾಯದ ಗಾಯಕಿ ಅ-ಮೇಯ್ ಅವರನ್ನು ಮಾತ್ರ ಬಿಡಬೇಡಿ. 2000ದ ಮೇ 20ರಂದು ತೈವಾನ್ ಅಧ್ಯಕ್ಷರ ಪದಗ್ರಹಣದಲ್ಲಿ ಅಲ್ಲಿನ ರಾಷ್ಟ್ರಗೀತೆ ಹಾಡಿದ್ದಕ್ಕೆ ಚೀನಾ ಅವರ ಮೇಲೆ ಸ್ವಲ್ಪ ಕಾಲ ನಿಷೇಧ ಹೇರಿತ್ತು.

ಇನ್ನು ತೆರೆಸಾ ಟೆಂಗ್, ಅಲ್ಲಿನವರ ಡೆಂಗ್ ಲೀಜುನ್. ನಿಮ್ಮ ಲೇಖಕರ ತಪ್ಪಿಗೆ ಕಾರಣ ಊಹಿಸಬಲ್ಲೆ: ತಂದೆ ಚೀನಾದ ಹೆಬೇಯಿಂದ ಸೈನ್ಯದ ಜೊತೆ ತೈವಾನಿಗೆ ಬಂದವರು, ಚೀನಾದಲ್ಲಿ ಆಕೆಯ ಹಾಡು ಕೇಳದವರೇ ಇಲ್ಲ. ಹಗಲು ದೊಡ್ಡ ಡೆಂಗ್ ಮಾತು, ರಾತ್ರಿ ಚಿಕ್ಕ ಡೆಂಗ್ ಹಾಡು ಎಂದು ಅಲ್ಲಿನ ಜನ ಹೇಳಿಕೊಳ್ಳುತ್ತಿದ್ದರಂತೆ. ದೊಡ್ಡವರು ಆಗಿನ ಚೀನಾದ ನಾಯಕ ಡೆಂಗ್ ಶಿಯಾವೊಪಿಂಗ್. ತೈವಾನಿನ ಕಿನ್‌ಮೆನ್ ದ್ವೀಪದ ಕಡಲಂಚಿನಲ್ಲಿ 48 ಧ್ವನಿವರ್ಧಕಗಳ ಗೋಡೆಯೊಂದಿದೆ. ಅದರಿಂದ ಆಕೆಯ ದನಿ ಸಮುದ್ರದಾಚೆಯ ಚೀನಾಕ್ಕೆ ಹೋಗುತ್ತಿತ್ತು. ಆಕೆ ಹೋಗಲಿಲ್ಲ: ಚೀನಾದ ನೆಲದಲ್ಲಿ ಒಂದೇ ಒಂದು ಕಾರ್ಯಕ್ರಮವನ್ನೂ ಕೊಡದೆ 1995ರ ಮೇ 8ರಂದು ಥಾಯ್ಲೆಂಡಿನ ಚಿಯಾಂಗ್ ಮಾಯ್‌ನಲ್ಲಿ ಅಸ್ತಮಾದಿಂದ ತೀರಿಕೊಂಡರು. ವಯಸ್ಸು ಬರೇ 42.

ತೈಪೆಯ ಉತ್ತರಕ್ಕೆ, ಬೆಟ್ಟದ ಮೇಲಿನ ಸಮಾಧಿಗೆ ಮಗ ನನ್ನನ್ನು ಕರೆದೊಯ್ದಿದ್ದ. ಅಲ್ಲಿ ನೆಲದ ಮೇಲೆ ದೊಡ್ಡದೊಂದು ಪಿಯಾನೋ ಮಾಡಿದ್ದಾರೆ, ಅದರ ಕೀಲಿ ಒಂದೊಂದನ್ನು ತುಳಿದರೆ ಸ್ವರ ಬರುತ್ತದೆ. ವಾದ್ಯಕ್ಕೆ ಕಾಲು ತಾಗಿಸುವುದೇ ಎಂದು ನಾನು ಹಿಂಜರಿದೆ. ಕೊನೆಗೆ ಚಪ್ಪಲಿ ಬದಿಗಿಟ್ಟು ಬರಿಗಾಲಲ್ಲಿ ಎರಡು ಹೆಜ್ಜೆ ಇಟ್ಟೆ. ಹಿಂದೆ ನಿಂತಿದ್ದ ಜಪಾನಿ ದಂಪತಿ ನನ್ನನ್ನು ನೋಡಿ ತಾವೂ ಬೂಟು ಬಿಚ್ಚಿದರು.

ಪತ್ರ ಉದ್ದವಾಯಿತು, ನಿಮ್ಮಲ್ಲಿ ಜಾಗ ಕಡಿಮೆಯೆಂದು ಬಲ್ಲೆ. ಬೇಕಾದಷ್ಟು ಕತ್ತರಿಸಿ, ಆದರೆ ಈ ತಿದ್ದುಪಡಿಯನ್ನು ಹಾಕಿ: ತೆರೆಸಾ ಟೆಂಗ್, ಜನನ 29 ಜನವರಿ 1953, ಬಾವ್‌ಜೊಂಗ್ ಗ್ರಾಮ, ಯುನ್‌ಲಿನ್ ಜಿಲ್ಲೆ, ತೈವಾನ್.

ಇತಿ ನಿಮ್ಮ ಓದುಗಳು,
ನಿವೃತ್ತ ಅಂಚೆ ಸಹಾಯಕಿ, ಸುಳ್ಯ