ಪುಟ್ಟಿಗೆ, ಪಾಸ್‌ಪೋರ್ಟ್ ವಿಷ್ಯಕ್ಕೆ

ಪುಟ್ಟೀ,

ಭಾನುವಾರ ಫೋನಲ್ಲಿ ನೀನು ಜರ್ಮನಿ ಪೌರತ್ವ ತಗೊಳ್ತೀನಿ, ನಮ್ ದೇಶದ ಪಾಸ್‌ಪೋರ್ಟ್ ಬಿಡ್ಬೇಕಾಗುತ್ತೆ ಅಂದಾಗ ನಾನು "ಹಂಗಾದ್ರೆ ಈ ಮಣ್ಣಿನ ಋಣ ತೀರ್ತು ಅನ್ನು" ಅಂದ್ಬಿಟ್ಟೆ, ನೀನು ಏನೂ ಮಾತಾಡ್ದೆ ಕಟ್ ಮಾಡ್ದೆ. ನಾಕು ದಿನದಿಂದ ಇಬ್ರೂ ವಾಟ್ಸಾಪಲ್ಲಿ ಬರೀ ಗುಡ್ ಮಾರ್ನಿಂಗ್ ಹೂವು ಕಳಿಸ್ಕೊಂಡಿದೀವಿ. ಮತ್ತೆ ಫೋನ್ ಮಾಡಿದ್ರೆ ಮತ್ತೆ ನಾಲಿಗೆ ಜಾರುತ್ತೆ ಅಂತ ಬರೀತಿದೀನಿ. ತಪ್ಪಾಯ್ತು ಕಣೆ. ಪೂರ್ತಿ ತಪ್ಪು ನಂದೇ ಅಂತ ಮಾತ್ರ ಒಪ್ಕೊಳಲ್ಲ.

ನಿಮ್ಮಪ್ಪ ಆಗ್ಲೇ ಎಲ್ಲಾ ವಿಚಾರಿಸ್ಕೊಂಡು ಬಂದ್ರು. ಜರ್ಮನಿಯೋರು 2024ರ ಜೂನಲ್ಲಿ ಕಾನೂನು ಬದಲಾಯಿಸಿ ಪೌರತ್ವಕ್ಕೆ ಅಲ್ಲಿ 8 ವರ್ಷ ವಾಸ ಇರ್ಬೇಕು ಅಂತಿದ್ದಿದ್ದನ್ನ 5ಕ್ಕೆ ಇಳಿಸಿದಾರೆ, ಹಳೇ ಪೌರತ್ವನೂ ಇಟ್ಕೊಳಿ ಅಂತಾರೆ, ಎರಡು ದೋಣೀಲಿ ಕಾಲಿಡ್ಬೇಡ ಅನ್ನೋದು ನಮ್ ದೇಶವೇ ಅಂತೆ. ಬೇರೆ ದೇಶದ ಪ್ರಜೆಗಳಾದ ನಮ್ಮೋರಿಗೆ ನಮ್ ಸರ್ಕಾರ ಕೊಡೋ ಓಸಿಐ ಕಾರ್ಡ್ ಮಾಡಿಸ್ಕೊಂಡ್ರೆ ವೀಸಾ ಬೇಡ, ವೋಟ್ ಇಲ್ಲ, ಹೊಲ ತೋಟ ಕೊಂಡ್ಕೊಳಕ್ಕಾಗಲ್ಲ, ಆದ್ರೆ ನಮ್ ತೆಂಗಿನ ತೋಟ ನಿಂಗೆ ಬರೋದು ಬರುತ್ತಂತೆ. ಇಷ್ಟು ಗೊತ್ತಾದ್ಮೇಲೆ ಅವ್ರು ಗೊರಕೆ ಹೊಡೀತಿದಾರೆ. ನಿದ್ದೆ ಕೆಟ್ಟಿರೋದು ನಂಗೆ.

ನನ್ ತಲೇಲಿ ಓಡ್ತಿರೋದು ನಿಮ್ ಬಿಲ್ಡಿಂಗಿನ ಕೆಳಗಿನ ಮನೆ ಅಜ್ಜಿ. ಹೋದ ವರ್ಷ, 2025ರಲ್ಲಿ, ಸ್ಟುಟ್‌ಗಾರ್ಟಲ್ಲಿದ್ದ ಮೂರು ತಿಂಗ್ಳೂ ನೀನು ಆಫೀಸಿಗೆ ಹೋದ್ಮೇಲೆ ಕಿಟಕೀಲಿ ನಿಂತು ನೋಡಿದ್ದು ಅವ್ರನ್ನೇ. ಎಂಬತ್ತು ದಾಟಿದೆ, ವಯಸ್ಸಾದೋರು ಹಿಡ್ಕೊಂಡು ನಡಿಯೋ ಆ ನಾಕು ಗಾಲಿ ಗಾಡಿ ತಳ್ಕೊಂಡು ಒಬ್ರೇ ಬಸ್ ಸ್ಟಾಪಿಗೆ ಹೋಗೋರು. ಬಸ್ಸು ಬಂದು ಉಸ್ಸಂತ ಬಾಗ್ಲ ಕಡೆಗೆ ವಾಲೋದು, ಆನೆ ಮಂಡಿ ಊರ್ದಂಗೆ. ಅಜ್ಜಿ ಗಾಡಿ ತಳ್ಕೊಂಡು ಒಳಗೆ. ಯಾರೂ ಕೈ ಹಿಡೀಲಿಲ್ಲ, ಯಾರೂ "ಬೇಗ ಹತ್ತಮ್ಮೋ" ಅಂತ ಕೂಗ್ಲಿಲ್ಲ. ಮೊದಲ್ನೇ ವಾರ ನಾನು "ಪಾಪ, ಮಕ್ಳು ಬಿಟ್ಟೋಗಿದಾರೆ" ಅಂದೆ. ನೀನು "ಅಮ್ಮಾ, ಅವ್ರು ಈಜಕ್ಕೆ ಹೋಗ್ತಿರೋದು" ಅಂದೆ. ನಗು ಬಂತು, ಹೊಟ್ಟೆನೂ ಉರೀತು.

ಯಾಕೆ ಉರೀತು ಅಂದ್ರೆ ನಮ್ಮತ್ತೆ ನೆನಪಾದ್ರು. ತಿಪಟೂರಿನ ಮನೇಲಿ ಸುತ್ತ ಹನ್ನೊಂದು ಜನ, ಕೇಳಿದ್ ತಕ್ಷಣ ಕಾಫಿ, ಆದ್ರೆ ಕೊನೇ ಆರು ವರ್ಷ ಅವ್ರು ಬೀದಿಗಿಳೀಲಿಲ್ಲ. ಮಂಡಿ ನೋವು ಅಷ್ಟೇ, ಬೇರೆ ಕಾಯ್ಲೆ ಏನಿತ್ತು? ನಾವೆಲ್ಲಾ ಅದನ್ನ ಚೆನ್ನಾಗಿ ನೋಡ್ಕೊಂಡ್ವಿ ಅಂತೀವಿ. ಈಗ ನನ್ ಸರದಿ. 2023ರ ಜೂನಿಂದ ಶಕ್ತಿ ಯೋಜನೇಲಿ ಹೆಂಗಸ್ರಿಗೆ ಕೆಂಪು ಬಸ್ಸು ಫ್ರೀ, ತುಮಕೂರೇನು, ಧರ್ಮಸ್ಥಳಕ್ಕೂ ಕಾಸಿಲ್ದೆ ಹೋಗ್ಬೋದು, ನಾನು ಹೋಗಿದ್ದು ಎರಡೇ ಸಲ. ಮೊದಲ್ನೇ ಮೆಟ್ಲಿಗೇ ಕಾಲು ಎತ್ತಕ್ಕಾಗಲ್ಲ ಕಣೆ, ಹಿಂದಿರೋರು ನೂಕ್ತಾರೆ. ನಿಮ್ಮಲ್ಲಿ ನಾನಿದ್ದಾಗ ತಿಂಗಳ ಪಾಸಿಗೆ 58 ಯೂರೋ ಇತ್ತು, ರೂಪಾಯಿ ಲೆಕ್ಕ ಹಾಕಿ ಬಾಯಿ ಬಡ್ಕೊಂಡೆ, ಆದ್ರೆ ದಿನಾ ಹತ್ತಿದೀನಿ, ದಿನಾ ಇಳಿದಿದೀನಿ, ಒಬ್ಳೇ.

ನಿನ್ ಸಂಬಳದ ಚೀಟೀಲಿ ಕಡಿತ ನೋಡಿ ಇದೇನು ಹಗಲು ದರೋಡೆ ಅಂತ ಬೈದಿದ್ದೂ ನಾನೇ. ಪೆನ್ಷನ್ನಿಗೆ, ಆಸ್ಪತ್ರೆಗೆ, ಸಾಲ್ದು ಅಂತ 1995ರಿಂದ ಮುಪ್ಪಿನ ಆರೈಕೆಗೂ ಬೇರೆ ಇನ್ಶೂರೆನ್ಸ್. ಮೇಲಿನ ಮನೆ ತಾತಂಗೆ ಸ್ನಾನ ಮಾಡ್ಸಕ್ಕೆ ಚಿಕ್ಕ ಕಾರಲ್ಲಿ ಹುಡ್ಗಿ ಬರ್ತಿದ್ಳಲ್ಲ, ಅದು ಈ ದುಡ್ಡಲ್ಲೇ ಅಂತ ನೀನು ಹೇಳಿದ್ಮೇಲೆ ಬಾಯಿ ಮುಚ್ಕೊಂಡೆ.

ಒಂದು ಮಾತ್ರ ನಿಂಗೆ ಹೇಳಿರ್ಲಿಲ್ಲ. ನಿಮ್ಮಲ್ಲಿ ಮೆಟ್ಲು ಗುಡಿಸೋ ಪಾಳಿ ಇದ್ಯಲ್ಲ, ಯಾರ ಪಾಳಿಯೋ ಅವ್ರ ಬಾಗ್ಲಿಗೆ ಬೋರ್ಡು ನೇತಾಕ್ತಾರಲ್ಲ. ಒಂದಿನ ಆ ಅಜ್ಜಿ ಗುಡಿಸ್ತಿದ್ರು, ನಾನು ಹೋಗಿ ಪೊರಕೆ ಈಸ್ಕೊಳಕ್ಕೆ ನೋಡ್ದೆ, ಕಿತ್ಕೊಂಡ್ರು. ಆಮೇಲೆ ಅದೇ ಮೆಟ್ಲ ಮೇಲೆ ಕೂತು ಅವ್ರ ಭಾಷೇಲಿ ಅರ್ಧ ಗಂಟೆ ಮಾತಾಡಿದ್ರು. ನಂಗೆ ಒಂದಕ್ಷರ ಗೊತ್ತಾಗ್ಲಿಲ್ಲ, ಹೂಂ ಹೂಂ ಅಂತ ಕೂತಿದ್ದೆ. ಕೈ ಬಿಡ್ಲಿಲ್ಲ ನಂದು. ಬಸ್ಸು ಬಾಗುತ್ತೆ ಪುಟ್ಟಿ, ಸರಿ, ನಿಂಗೆ ಎಂಬತ್ತಾದಾಗ ಹೂಂ ಅನ್ನೋರ್ಯಾರು? ಆಗ ನಿನ್ ಬಾಯಲ್ಲಿ ಕನ್ನಡ ಬರುತ್ತೋ ಜರ್ಮನ್ ಬರುತ್ತೋ?

ಅದಕ್ಕೇ ಹೇಳೋದು, ಅಕ್ಕಪಕ್ಕದೋರ ಜೊತೆ ಬಳಕೆ ಇಟ್ಕೋ, ಬರೀ ಯುಗಾದಿ ರಾಜ್ಯೋತ್ಸವಕ್ಕೆ ನಮ್ಮೋರು ಸೇರಿದ್ರೆ ಸಾಲ್ದು, ಆ ಅಜ್ಜಿಗೆ ವಾರಕ್ಕೊಂದ್ಸಲ ಬೆಲ್ ಮಾಡು, ಚಳಿಗಾಲದಲ್ಲಿ ವಿಟಮಿನ್ ಡಿ ತಗೋ, ನಾಕೂವರೆಗೇ ಕತ್ತಲಾಯ್ತು ಅಂತ ಮುದುರ್ಕೊಂಡು ಮಲಗ್ಬೇಡ, ಮದ್ವೆ ವಿಷ್ಯ ನಾನು ಎತ್ತಲ್ಲ ಅಂತ ಮಾತು ಕೊಟ್ಟಿದೀನಿ, ಎತ್ತಲ್ಲ, ಆದ್ರೆ... ನೋಡು, ಶುರು ಹಚ್ಕೊಂಡೆ.

ಆ ಪೌರತ್ವದ ಪರೀಕ್ಷೇಲಿ 33 ಪ್ರಶ್ನೇಲಿ 17 ಸರಿ ಮಾಡಿದ್ರೆ ಪಾಸಂತೆ, ನೀನು 33ಕ್ಕೆ 33 ತಗೊಂಡಿರೋದನ್ನ ಇಡೀ ಬೀದಿಗೆ ಹೇಳಿದೀನಿ. ಯಾವ ಪರೀಕ್ಷೆ ಅಂತ ಹೇಳಿಲ್ಲ.

ಸೈನ್ ಮಾಡು, ನಂದೇನೂ ಅಡ್ಡಿ ಇಲ್ಲ. ಕ್ಯಾನ್ಸಲ್ ಅಂತ ಸೀಲ್ ಹೊಡಿಯೋಕೆ ಮುಂಚೆ ಹಳೇ ಪಾಸ್‌ಪೋರ್ಟಿನ ಕೊನೇ ಪುಟದ್ದು ಒಂದು ಫೋಟೋ ತೆಗ್ದು ಕಳ್ಸು. ತಾಯಿ ಹೆಸ್ರು ಅಂತ ಇರೋ ಪುಟ.

ಅಮ್ಮ