ತಡವಾಗಿ ಬಂದ ಮೂವರು ಮಕ್ಕಳ ಬಗ್ಗೆ

ಪ್ರೀತಿಯ ಪೋಷಕರೇ,

ನಮಸ್ಕಾರ. ಕಳೆದ ವಾರ ಏಳನೇ ತರಗತಿಯ ಮೂವರು ಮಕ್ಕಳು ಮೊದಲ ಪಿರಿಯಡ್ ಮುಗಿಯುವ ಹೊತ್ತಿಗೆ ಶಾಲೆಗೆ ಬಂದರು. ಗೇಟಿನ ಬಳಿಯಿದ್ದ ನಾನು ಕಾರಣವನ್ನೂ ಕೇಳದೆ ಗದರಿದೆ. ಒಬ್ಬನ ಅಂಗಿಯ ತೋಳಿನ ಮೇಲಿದ್ದ ರಕ್ತದ ಕಲೆ ನನ್ನ ಕಣ್ಣಿಗೆ ಬಿದ್ದದ್ದು ಆಮೇಲೆ.

ದಾರಿಯಲ್ಲಿ ವೃದ್ಧರೊಬ್ಬರು ತಲೆಸುತ್ತಿ ಬಿದ್ದಿದ್ದರಂತೆ. ಅವರು ಯಾರೆಂದು ಮಕ್ಕಳಿಗೆ ಗೊತ್ತಿರಲಿಲ್ಲ. ಒಬ್ಬ ಓಡಿಹೋಗಿ ಹತ್ತಿರದ ಮನೆಯ ಬಾಗಿಲು ತಟ್ಟಿ ದೊಡ್ಡವರನ್ನು ಕರೆತಂದ. ಇನ್ನೊಬ್ಬ ಹಣೆಯ ಗಾಯಕ್ಕೆ ಕರವಸ್ತ್ರ ಒತ್ತಿ ಹಿಡಿದು ಕುಳಿತ. ಜೊತೆಗಿದ್ದ ಹುಡುಗಿ ದೂರ ಸಿಡಿದಿದ್ದ ಕನ್ನಡಕವನ್ನು ಹುಡುಕಿ ತಂದು, ಲಂಗದ ಅಂಚಿನಲ್ಲಿ ಒರೆಸಿ, ಅವರ ಕಿವಿಗೆ ಮೆಲ್ಲಗೆ ಸಿಕ್ಕಿಸಿದಳು. "ಕನ್ನಡಕ ಹಾಕಿದ ಮೇಲೆ ಅವರು ನಮ್ಮ ಮೂವರ ಮುಖವನ್ನೂ ಒಂದೊಂದಾಗಿ ನೋಡಿದರು ಮೇಡಂ. ಆಂಬುಲೆನ್ಸ್ ಬರುವವರೆಗೂ ನನ್ನ ಕೈ ಬಿಡಲಿಲ್ಲ" ಎಂದಳು. ಎಲ್ಲಿ ಗದರಿದ್ದೆನೋ ಅಲ್ಲಿಯೇ ನಿಂತು ಆ ಮಕ್ಕಳ ಕ್ಷಮೆ ಕೇಳಿದೆ.

ಆ ದಿನದಿಂದ ಒಂದು ಹಳೆಯ ಪ್ರಯೋಗ ಮನಸ್ಸನ್ನು ಬಿಟ್ಟು ಹೋಗುತ್ತಿಲ್ಲ. 1973ರಲ್ಲಿ ಪ್ರಕಟವಾದದ್ದು, ಅಮೆರಿಕದ ಪ್ರಿನ್ಸ್‌ಟನ್‌ನಲ್ಲಿ ಡಾರ್ಲಿ ಮತ್ತು ಬ್ಯಾಟ್ಸನ್ ಎಂಬ ಮನೋವಿಜ್ಞಾನಿಗಳು ನಡೆಸಿದ್ದು. ಪಾದ್ರಿಗಳಾಗಲು ಓದುತ್ತಿದ್ದ ವಿದ್ಯಾರ್ಥಿಗಳನ್ನು ಭಾಷಣ ಮಾಡಲೆಂದು ಪಕ್ಕದ ಕಟ್ಟಡಕ್ಕೆ ಕಳುಹಿಸಿದರು. ದಾರಿಯಲ್ಲಿ ಒಬ್ಬ ಕೆಮ್ಮುತ್ತಾ ನರಳುತ್ತಾ ಕುಸಿದು ಕುಳಿತಿದ್ದ. ಬಿಡುವಿದ್ದವರಲ್ಲಿ ಶೇ. 63ರಷ್ಟು ಮಂದಿ ನೆರವಾದರು. "ಆಗಲೇ ತಡವಾಗಿದೆ, ಬೇಗ ಹೋಗಿ" ಎಂದು ಹೇಳಿಸಿಕೊಂಡವರಲ್ಲಿ ನೆರವಾದವರು ಶೇ. 10 ಮಾತ್ರ. ಒಟ್ಟು ವಿದ್ಯಾರ್ಥಿಗಳಲ್ಲಿ ಅರ್ಧದಷ್ಟು ಜನ ಮಾತನಾಡಬೇಕಿದ್ದದ್ದು, ದಾರಿಯಲ್ಲಿ ಗಾಯಗೊಂಡು ಬಿದ್ದವನನ್ನು ಕಾಪಾಡಿದ ಅಪರಿಚಿತನ ಕಥೆಯ ಬಗ್ಗೆಯೇ! ನಿಲ್ಲದೆ ಹೋದವರು ಕಟುಕರಾಗಿರಲಿಲ್ಲ, ಅವಸರದಲ್ಲಿದ್ದರು. ಬೆಳಗಿನಿಂದ ರಾತ್ರಿಯವರೆಗೆ "ಬೇಗ, ಬೇಗ" ಎಂದು ನಾವು ಮಕ್ಕಳನ್ನು ಅಟ್ಟುತ್ತಿದ್ದೇವೆ. ಅವರಲ್ಲಿರುವ ಕರುಣೆಯನ್ನು ನಾವೇ ಓಡಿಸುತ್ತಿದ್ದೇವೆಯೇ ಎಂಬ ಭಯ ನನಗಿದೆ.

ಈ ಮಕ್ಕಳಿಗೆ ಬಹುಮಾನ ಕೊಡಬೇಕೆಂದು ಕೆಲವು ಪೋಷಕರು ಕೇಳಿದ್ದೀರಿ. ನಾನು ಕೊಡುತ್ತಿಲ್ಲ. ಜರ್ಮನಿಯ ಲೈಪ್‌ಜಿಗ್‌ನ ಸಂಶೋಧಕರು 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸಹಾಯ ಮಾಡಿದ್ದಕ್ಕೆ ಆಟಿಕೆಯ ಬಹುಮಾನ ಪಡೆದ 20 ತಿಂಗಳ ಕಂದಮ್ಮಗಳು ಮುಂದೆ ಸಹಾಯ ಮಾಡುವುದನ್ನು ಕಡಿಮೆ ಮಾಡಿದವು. ಬರೀ ಹೊಗಳಿಸಿಕೊಂಡ ಮಕ್ಕಳಲ್ಲಿ ಹಾಗಾಗಲಿಲ್ಲ. ಆದ್ದರಿಂದ ಪ್ರಾರ್ಥನೆಯ ಹೊತ್ತಿನಲ್ಲಿ ಬಾಯಿತುಂಬ ಮೆಚ್ಚಿ ಮಾತನಾಡಿದೆ, ಅಷ್ಟೇ.

ಅಪರಿಚಿತರ ಹತ್ತಿರ ಹೋಗುವುದು ಅಪಾಯವಲ್ಲವೇ ಎಂದು ಕೇಳಿದವರ ಆತಂಕ ನ್ಯಾಯವಾದದ್ದು. ಒಬ್ಬರೇ ಹೋಗಬಾರದು, ಮೊದಲು ದೊಡ್ಡವರನ್ನು ಕರೆಯಬೇಕು, ಯಾರ ವಾಹನವನ್ನೂ ಹತ್ತಬಾರದು, ಯಾರ ಮನೆಯೊಳಗೂ ಹೋಗಬಾರದು ಎಂದು ಎಲ್ಲ ತರಗತಿಗಳಲ್ಲೂ ಹೇಳುತ್ತಿದ್ದೇವೆ. ನೀವೂ ಮನೆಯಲ್ಲಿ ಹೇಳಿ.

ಕನ್ನಡಕ ಒರೆಸಿದ ಹುಡುಗಿ ಎರಡು ದಿನ ಬಿಟ್ಟು ನನ್ನ ಕೋಣೆಗೆ ಬಂದಳು. "ಆ ತಾತ ಎಷ್ಟು ಸಲ ನನಗೆ ಧನ್ಯವಾದ ಹೇಳಿದರು. ನಮ್ಮ ತರಗತಿಯನ್ನು ದಿನವೂ ಗುಡಿಸುವ ಆಯಾಗೆ ನಾನು ಒಂದು ಸಲವೂ ಹೇಳಿಲ್ಲ ಮೇಡಂ. ಅವರ ಹೆಸರೂ ನನಗೆ ಗೊತ್ತಿರಲಿಲ್ಲ" ಎಂದಳು. ಸಹಾಯ ಮಾಡಿದವಳು ತಾನು ಪಡೆದದ್ದನ್ನು ಲೆಕ್ಕಹಾಕುತ್ತಿದ್ದಳು. ಕೃತಜ್ಞತೆಯ ಪಾಠವನ್ನು ನಾನು ಎಷ್ಟೋ ವರ್ಷ ಕರಿಹಲಗೆಯ ಮೇಲೆ ಬರೆದಿದ್ದೇನೆ. ಅದು ಹೀಗೆ ಮನಸ್ಸಿಗೆ ಇಳಿದದ್ದನ್ನು ಕಂಡದ್ದು ಕಡಿಮೆ. ಈಗ ಬೆಳಿಗ್ಗೆ ಅವಳು ಆಯಾರನ್ನು ಹೆಸರು ಹಿಡಿದು ಮಾತನಾಡಿಸುತ್ತಾಳೆ.

ಸೋಮವಾರದಿಂದ ಹಾಜರಿ ಪುಸ್ತಕದಲ್ಲಿ 'ತಡ' ಎಂಬುದರ ಪಕ್ಕದಲ್ಲಿ ಕಾರಣ ಬರೆಯಲು ಜಾಗ ಇರುತ್ತದೆ. ಅದನ್ನು ಮಗುವನ್ನು ಕೇಳಿ ತಿಳಿದ ನಂತರವೇ ಗೇಟಿನಲ್ಲಿ ಮುಂದಿನ ಮಾತು. ವೃದ್ಧರು ಚೇತರಿಸಿಕೊಂಡು ಮನೆಗೆ ಮರಳಿದ್ದಾರೆಂದು ಅವರ ಮಗಳು ತಿಳಿಸಿದ್ದಾರೆ.

ಇತಿ ನಿಮ್ಮ ವಿಶ್ವಾಸಿ,
ಮುಖ್ಯೋಪಾಧ್ಯಾಯಿನಿ